ಪ್ರಬಂಧ ಪ್ರಶ್ನೆಯನ್ನು ಬಿಡಿಸಿ ಓದುವುದನ್ನು ಮಕ್ಕಳಿಗೆ ಹೇಗೆ ಕಲಿಸುತ್ತೀರಿ?

ನಾಲೆ ದಂಡೆ (ಪ್ರಶ್ನೆ ಕೇಳಿದವರು):

ಎಲ್ಲರಿಗೂ ನಮಸ್ಕಾರ. ಮಂಡ್ಯ ಹತ್ತಿರದ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನಮ್ಮ ಹುಡುಗ ಹುಡುಗಿಯರು ಬಹುಪಾಲು ರೈತರ ಮನೆಯವರು, ಕನ್ನಡ ಮಾಧ್ಯಮ. ಚೆನ್ನಾಗಿ ಓದುತ್ತಾರೆ. ನೋಟ್ಸ್ ಕೊಟ್ಟರೆ ಒಂದು ಇಸವಿ ತಪ್ಪದೆ ಒಪ್ಪಿಸುತ್ತಾರೆ. ಆದರೆ ಹತ್ತು ಅಂಕದ ದೊಡ್ಡ ಪ್ರಶ್ನೆ ಬಂತು ಅಂದರೆ ಕೇಳಿದ್ದು ಒಂದು, ಬರೆದದ್ದು ಇನ್ನೊಂದು.

ಈಚೆಗೆ ಒಂದು ಕಿರುಪರೀಕ್ಷೆಗೆ ಪಠ್ಯದಿಂದ ಸ್ವಲ್ಪ ಆಚೆ ಹೋಗಿ, ನಮ್ಮ ಕಡೆಯ ವಿಷಯವೇ ಇರಲಿ ಅಂತ ಈ ಪ್ರಶ್ನೆ ಕೊಟ್ಟೆ: ‘ಮಂಡ್ಯ ಸೀಮೆಯ ಬೇಸಾಯದ ಮೇಲೆ ಕೃಷ್ಣರಾಜಸಾಗರ ಅಣೆಕಟ್ಟೆಯಿಂದ ಆದ ಪರಿಣಾಮಗಳನ್ನು ಪರಿಶೀಲಿಸಿ.’ ಉತ್ತರಗಳೆಲ್ಲ ಹೆಚ್ಚೂ ಕಡಿಮೆ ಒಂದೇ ಥರ. 1911ರಲ್ಲಿ ಕೆಲಸ ಶುರುವಾಯಿತು, ವಿಶ್ವೇಶ್ವರಯ್ಯನವರು ಚೀಫ್ ಇಂಜಿನಿಯರ್ ಆಗಿದ್ದರು, ನಾಲ್ವಡಿಯವರು ಮಹಾರಾಜರು, ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಸೇರುವ ಜಾಗ, ಸಿಮೆಂಟ್ ಬದಲು ಸುರ್ಕಿ ಗಾರೆ, ತಾನಾಗಿ ತೆರೆಯುವ ಗೇಟು, ಬೃಂದಾವನ ತೋಟ, ಸಂಗೀತ ಕಾರಂಜಿ. ಒಂದು ಮಾತೂ ಸುಳ್ಳಲ್ಲ. ಬೇಸಾಯದ ಬಗ್ಗೆ ಮಾತ್ರ ಕೊನೆಯಲ್ಲಿ ಒಂದೇ ಸಾಲು: ‘ಇದರಿಂದ ರೈತರಿಗೆ ತುಂಬಾ ಅನುಕೂಲವಾಯಿತು.’

ನನಗೆ ನಿಜಕ್ಕೂ ಸಂಕಟ ಆದದ್ದು ಎಲ್ಲಿ ಅಂದರೆ, ಈ ಮಕ್ಕಳ ಮನೆಯಲ್ಲಿ ಬೆಳಗಾದರೆ ನಾಲೆಗೆ ನೀರು ಬಿಟ್ಟರಾ ಇಲ್ಲವಾ ಅನ್ನುವುದೇ ಮಾತು. ಕಬ್ಬಿನ ಕಟಾವು, ಕೊನೆ ಭಾಗಕ್ಕೆ ನೀರು ತಲುಪದ ಜಗಳ, ಎಲ್ಲಾ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅದರಲ್ಲಿ ಒಂದಕ್ಷರವೂ ಉತ್ತರದಲ್ಲಿ ಇಲ್ಲ.

‘ಪ್ರಶ್ನೆ ಸರಿಯಾಗಿ ಓದ್ರಪ್ಪಾ’ ಅಂತ ಎಷ್ಟು ಹೇಳಿದರೂ ಪ್ರಯೋಜನ ಆಗುತ್ತಿಲ್ಲ. ವಿವರಿಸಿ ಅಂದರೆ ಹೀಗೆ, ಚರ್ಚಿಸಿ ಅಂದರೆ ಹೀಗೆ, ವಿಶ್ಲೇಷಿಸಿ ಅಂದರೆ ಹೀಗೆ ಅಂತ ಒಂದು ಹಾಳೆ ಮಾಡಿ ಕೊಟ್ಟೆ. ಆ ಹಾಳೆಯನ್ನೂ ಬಾಯಿಪಾಠ ಮಾಡಿದರು! ತರಗತಿ ದೊಡ್ಡದು, ಪೀರಿಯಡ್ ಚಿಕ್ಕದು, ವಾರ ವಾರ ಎಲ್ಲರ ಪ್ರಬಂಧ ತಿದ್ದಲು ಆಗುವುದಿಲ್ಲ. ನೀವು ತರಗತಿಯಲ್ಲಿ ನಿಜವಾಗಿ ಏನು ಮಾಡಿಸುತ್ತೀರಿ, ಅದನ್ನು ಹೇಳಿ. ತರಬೇತಿಯಲ್ಲಿ ಹೇಳುವಂಥದ್ದು ಬೇಡ.


ಸರಸ್ವತಿಪುರಂ ಮೇಷ್ಟ್ರು:

ಮೇಡಂ, ನಾನು ಮೈಸೂರಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಇದು ನನಗೆ ತುಂಬಾ ಹತ್ತಿರದ ವಿಷಯ, ಉದ್ದ ಆದರೆ ಸಹಿಸಿಕೊಳ್ಳಿ.

ಮಕ್ಕಳು ಪ್ರಶ್ನೆ ಓದುವುದಿಲ್ಲ ಅಂತ ನಾವೆಲ್ಲ ಬೈಯುತ್ತೇವೆ. ಓದುತ್ತಾರೆ. ಆದರೆ ಅರ್ಧಕ್ಕೇ ನಿಲ್ಲಿಸುತ್ತಾರೆ. ಕನ್ನಡದ ವಾಕ್ಯ ಹೇಗೆ ಬರುತ್ತದೆ ನೋಡಿ. ವಿಷಯ ಮೊದಲು, ಏನು ಮಾಡಬೇಕು ಅನ್ನುವುದು ಕಟ್ಟಕಡೆಗೆ. ‘ಕೃಷ್ಣರಾಜಸಾಗರ’ ಅಂತ ಕಂಡ ತಕ್ಷಣ ಓದಿದ್ದ ಪಾಠ ಪೂರ್ತಿ ನೆನಪಿಗೆ ನುಗ್ಗುತ್ತದೆ, ಪರೀಕ್ಷೆಯ ಭಯಕ್ಕೆ ಕೈ ಬರೆಯಲು ಶುರು ಮಾಡುತ್ತದೆ. ‘ಪರಿಣಾಮಗಳನ್ನು ಪರಿಶೀಲಿಸಿ’ ಅನ್ನುವ ಜಾಗಕ್ಕೆ ಕಣ್ಣು ಬರುವ ಹೊತ್ತಿಗೆ ಮನಸ್ಸು ಅಲ್ಲಿ ಇರುವುದೇ ಇಲ್ಲ.

ಅದಕ್ಕೇ ನಾನು ಪ್ರಶ್ನೆಯನ್ನು ಹಿಂದಿನಿಂದ ಓದಿಸುತ್ತಿದ್ದೆ. ಬೋರ್ಡ್ ಮೇಲೆ ಪ್ರಶ್ನೆ ಬರೆದು, ಕೊನೆಯ ಪದಕ್ಕೆ ಅಡಿಗೆರೆ. ಅದರ ಹಿಂದೆ ‘ಅನ್ನು’ ಸೇರಿರುವ ಪದ ಯಾವುದು ಹುಡುಕಿ, ಅದಕ್ಕೆ ಸುತ್ತು. ಕಾರಣಗಳನ್ನು, ಪರಿಣಾಮಗಳನ್ನು, ಪಾತ್ರವನ್ನು, ಮಹತ್ವವನ್ನು. ಕೇಳಿರುವುದು ಅದು. ಉತ್ತರದ ಪ್ರತಿಯೊಂದು ಪ್ಯಾರಾದಲ್ಲೂ ಆ ಸುತ್ತು ಹಾಕಿದ ಪದಕ್ಕೆ ಸೇರಿದ ಒಂದು ಮಾತು ಇರಲೇಬೇಕು. ಆಮೇಲೆ ಉಳಿದ ಪದಗಳಿಗೆ ಬನ್ನಿ. ಅವು ಗಡಿ ಹಾಕುತ್ತವೆ. ನಿಮ್ಮ ಪ್ರಶ್ನೆಯಲ್ಲಿ ಎರಡು ಗಡಿ ಇದೆ: ಮಂಡ್ಯ ಸೀಮೆ, ಬೇಸಾಯ. ಬೃಂದಾವನ ತೋಟ ಬೇಸಾಯದ ಗಡಿ ದಾಟಿತು, ಹೋಯಿತು. ಬೆಂಗಳೂರಿಗೆ ಕುಡಿಯುವ ಕಾವೇರಿ ನೀರು ಎರಡೂ ಗಡಿ ದಾಟಿತು, ಹೋಯಿತು. ಹೀಗೆ ಒಂದೊಂದನ್ನೇ ಮಕ್ಕಳ ಬಾಯಲ್ಲೇ ಹೊರಗೆ ಕಳಿಸಬೇಕು. ಒಂದೆರಡು ಸಲ ಮಾಡಿದರೆ ಅವರೇ ‘ಸಾರ್, ಇದು ಬೇಡ’ ಅನ್ನುತ್ತಾರೆ.

ಇನ್ನು ‘ಪರಿಶೀಲಿಸಿ’. ಅರ್ಥ ಹೇಳಿಕೊಟ್ಟರೆ ಅದು ತಲೆಗೆ ಹೋಗುವುದಿಲ್ಲ, ನಿಮ್ಮ ಹಾಳೆಗೆ ಆದದ್ದೂ ಅದೇ. ಅದರ ಬದಲು ನಾಲ್ಕು ಪ್ರಶ್ನೆ ಕೇಳಿ: ಮೊದಲು ಏನಿತ್ತು, ಆಮೇಲೆ ಏನಾಯಿತು, ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ. ನಿಮ್ಮ ಮಕ್ಕಳಿಗೆ ಇದಕ್ಕೆ ಪುಸ್ತಕವೇ ಬೇಡ ಅಲ್ವಾ? ಮೊದಲು ಮಳೆ ನಂಬಿದ ರಾಗಿ, ಹುರುಳಿ, ಕೆರೆ ಹಿಂದೆ ಒಂದಿಷ್ಟು ಭತ್ತ. ಇಲ್ಲಿ ಒಂದು ಎಚ್ಚರ ಹೇಳಿ: ಕಟ್ಟೆ ಬರುವ ಮೊದಲು ನಾಲೆಯೇ ಇರಲಿಲ್ಲ ಅಂತ ಬರೆಯಬಾರದು. ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಜಸಾಗರ ನಾಲೆ, ವಿರಿಜಾ ನಾಲೆ ಬಹಳ ಹಿಂದಿನಿಂದ ಇದ್ದವು, ಕಾವೇರಿಗೆ ಕಟ್ಟಿದ ಹಳೇ ಒಡ್ಡುಗಳಿಂದ ನೀರು ತರುತ್ತಿದ್ದವು. ಕಟ್ಟೆ ಆದ ಮೇಲೆ ಆಗ ಇರ್ವಿನ್ ನಾಲೆ ಅನ್ನುತ್ತಿದ್ದ ಈಗಿನ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆ ಸುರಂಗ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ಬಂತು. ಕಬ್ಬು ಬಂತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. 1939ರಲ್ಲಿ ಮೈಸೂರು ಜಿಲ್ಲೆಯಿಂದ ಮಂಡ್ಯ ಬೇರೆ ಜಿಲ್ಲೆಯಾಯಿತು. ಆದರೆ ನಾಗಮಂಗಲದ ಕಡೆ? ಅಲ್ಲಿ ಬಹುಪಾಲು ಇವತ್ತಿಗೂ ಮಳೆಯನ್ನೇ ನಂಬಿದ ಬೇಸಾಯ. ನಾಲೆಯ ಮೊದಲ ಭಾಗದಲ್ಲಿ ನೀರು ಜಾಸ್ತಿ ನಿಂತು ಜೌಗಾದ, ಉಪ್ಪೇರಿದ ಹೊಲಗಳಿವೆ. ಕೊನೆ ಭಾಗದವರಿಗೆ ನೀರು ಸಿಗುವುದೇ ಕಷ್ಟ. ಕೊಡಗಿನಲ್ಲಿ ಮಳೆ ಕೈಕೊಟ್ಟ ವರ್ಷ ಎಲ್ಲರಿಗೂ ಕಷ್ಟ.

ಇಷ್ಟನ್ನು ಅವರಿಂದಲೇ ಹೊರಡಿಸಿ, ನೀವು ಬೋರ್ಡ್ ಮೇಲೆ ಬರೆಯುತ್ತಾ ಹೋಗಿ. ಅನುಕೂಲ ಒಂದು ಕಡೆ, ತೊಂದರೆ ಒಂದು ಕಡೆ. ಪರಿಶೀಲಿಸಿ ಅಂದರೆ ಏನು ಅಂತ ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ.


ಶ್ರೀರಂಗಪಟ್ಟಣ ಕನ್ನಡ ಟೀಚರ್:

ಮೇಷ್ಟ್ರು ಹೇಳಿದ ‘ಅನ್ನು’ ಹುಡುಕುವ ಕ್ರಮ ನಾನೂ ನಾಳೆಯೇ ತೆಗೆದುಕೊಳ್ಳುತ್ತೇನೆ ಸರ್. ಆದರೆ ನನ್ನ ಕಷ್ಟ ಬೇರೆ. ಹೈಸ್ಕೂಲಿನಲ್ಲಿ ಕನ್ನಡ ಪ್ರಬಂಧಕ್ಕೆ ಬರುವುದು ಪೂರ್ತಿ ವಾಕ್ಯ ಅಲ್ಲ, ಬರೀ ತಲೆಬರಹ. ‘ಗ್ರಂಥಾಲಯಗಳ ಮಹತ್ವ’, ‘ಪರಿಸರ ಮಾಲಿನ್ಯ’ ಅಂತ ಇರುತ್ತದೆ. ಅಲ್ಲಿ ಕೊನೆಗೆ ಕ್ರಿಯಾಪದವೇ ಇಲ್ಲ, ಏನು ಮಾಡಬೇಕು ಅಂತ ಮಕ್ಕಳೇ ಊಹಿಸಬೇಕು. ಗೈಡಿನಲ್ಲಿ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಮೂರು ತುಂಡು ಮಾಡಿ ಕೊಟ್ಟಿರುತ್ತಾರೆ, ಅದನ್ನು ಕಲಿತು ಬರುತ್ತಾರೆ. ‘ಹಳ್ಳಿಯ ಮಕ್ಕಳಿಗೆ ಗ್ರಂಥಾಲಯದ ಅಗತ್ಯ’ ಅಂತ ಸ್ವಲ್ಪ ತಿರುಗಿಸಿ ಕೊಟ್ಟರೂ ಅದೇ ಗೈಡಿನ ಪ್ರಬಂಧ ಬರುತ್ತದೆ. ಹಳ್ಳಿಯೂ ಇರುವುದಿಲ್ಲ, ಮಕ್ಕಳೂ ಇರುವುದಿಲ್ಲ.

ನಾನು ಮಾಡಿಸುವುದು ಇದು. ಒಂದೇ ವಿಷಯದ ಮೇಲೆ ಮೂರು ತಲೆಬರಹ ಬೋರ್ಡ್ ಮೇಲೆ ಬರೆಯುತ್ತೇನೆ: ‘ಗ್ರಂಥಾಲಯಗಳ ಮಹತ್ವ’, ‘ಹಳ್ಳಿಯ ಮಕ್ಕಳಿಗೆ ಗ್ರಂಥಾಲಯದ ಅಗತ್ಯ’, ‘ಮೊಬೈಲ್ ಬಂದ ಮೇಲೆ ಗ್ರಂಥಾಲಯ ಬೇಕೇ?’ ಪ್ರಬಂಧ ಬರೆಯಬೇಡಿ ಅನ್ನುತ್ತೇನೆ. ಗೈಡಿನ ಪ್ರಬಂಧದಲ್ಲಿರುವ ಒಂದೊಂದು ಮಾತನ್ನೂ ಓದುತ್ತಾ ಹೋಗುತ್ತೇನೆ, ಅದು ಈ ಮೂರರಲ್ಲಿ ಯಾವುದಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಅಂತ ಅವರು ಹೇಳಬೇಕು. ‘ಗ್ರಂಥಾಲಯ ಜ್ಞಾನದ ಭಂಡಾರ’ ಅನ್ನುವ ಮಾತು ಮೂರಕ್ಕೂ ಸಲ್ಲುತ್ತದೆ ಅಂತ ಮೊದಲು ಎಲ್ಲರೂ ಕೈ ಎತ್ತುತ್ತಾರೆ. ಮೂರನೆಯದಕ್ಕೆ ಹೇಗೆ ಸಲ್ಲುತ್ತದೆ, ಮೊಬೈಲಿನಲ್ಲೂ ಜ್ಞಾನದ ಭಂಡಾರ ಇದೆಯಲ್ಲಾ ಅಂದರೆ ಆಗ ಜಗಳ ಶುರು. ಒಬ್ಬ ಹುಡುಗಿ ಹೇಳಿದಳು, ಮೊಬೈಲ್ ಮನೆಯಲ್ಲಿ ಒಂದೇ ಇರೋದು ಮಿಸ್, ಅದು ಅಣ್ಣನ ಕೈಲಿ ಇರುತ್ತದೆ, ಗ್ರಂಥಾಲಯದ ಪುಸ್ತಕ ಆದರೆ ನನ್ನ ಹೆಸರಲ್ಲಿ ಇರುತ್ತದೆ ಅಂತ. ಯಾವ ಗೈಡಿನಲ್ಲಿ ಸಿಗುತ್ತದೆ ಈ ಮಾತು? ಪ್ರಶ್ನೆಗೆ ನಿಜವಾಗಿ ಉತ್ತರ ಕೊಟ್ಟಿದ್ದು ಅವಳು.

ಇನ್ನೊಂದು ಮಾತು ಮೇಡಂ. ಮಕ್ಕಳು ಎಲ್ಲವನ್ನೂ ಸುರಿಯುವುದು ಗೊತ್ತಿಲ್ಲದೆ ಅಲ್ಲ, ಭಯಕ್ಕೆ. ಕಷ್ಟಪಟ್ಟು ಕಲಿತದ್ದನ್ನು ಬಿಟ್ಟರೆ ಎಲ್ಲಿ ಅಂಕ ಹೋಗುತ್ತದೋ ಅಂತ. ಆದ್ದರಿಂದ ಬಿಟ್ಟಿದ್ದಕ್ಕೆ ನಾನು ಅಂಕ ಕೊಡುತ್ತೇನೆ. ಕಿರುಪರೀಕ್ಷೆಯಲ್ಲಿ ಉತ್ತರದ ಕೆಳಗೆ ‘ನನಗೆ ಗೊತ್ತಿದ್ದೂ ಇಲ್ಲಿ ಬೇಡ ಅಂತ ಬಿಟ್ಟದ್ದು’ ಅಂತ ಎರಡು ವಿಷಯ ಬರೆದರೆ ಒಂದು ಅಂಕ. ತುಂಬಾ ಕೆಲಸ ಮಾಡುತ್ತದೆ ಇದು.


ಕೆಂಪು ಇಂಕು:

ಎಲ್ಲಾ ಚೆನ್ನಾಗಿದೆ, ಆದರೆ ಸ್ವಲ್ಪ ನೆಲದ ಮೇಲೆ ನಿಂತು ಮಾತಾಡೋಣ. ನಾನು ಪಿಯು ಮೌಲ್ಯಮಾಪನಕ್ಕೆ ಹೋಗಿ ಬರುವವನು. ಅಲ್ಲಿ ನಮ್ಮ ಕೈಗೆ ಸ್ಕೀಮ್ ಕೊಟ್ಟಿರುತ್ತಾರೆ. ಯಾವ ಪಾಯಿಂಟಿಗೆ ಎಷ್ಟು ಅಂಕ ಅಂತ ಅದರಲ್ಲೇ ಇರುತ್ತದೆ. ಪಠ್ಯದಲ್ಲಿ ಇರುವ ಪಾಯಿಂಟ್ ಉತ್ತರದಲ್ಲಿ ಇದ್ದರೆ ಅಂಕ, ಇಲ್ಲದಿದ್ದರೆ ಇಲ್ಲ. ಹುಡುಗರಿಗೆ ಬಿಡುವುದನ್ನು ಕಲಿಸಿ, ಅವರು ಸ್ಕೀಮಿನಲ್ಲಿ ಇರುವುದನ್ನೇ ಬಿಟ್ಟು ಬಂದರೆ ಯಾರು ಹೊಣೆ? ಬಡವರ ಮಕ್ಕಳು, ಒಂದೊಂದು ಅಂಕಕ್ಕೂ ಮುಂದೆ ಸೀಟು ನಿಂತಿರುತ್ತದೆ.

ನನ್ನ ಕೇಳಿದರೆ ಎರಡು ವಿಷಯ ಕಲಿಸಿ ಸಾಕು. ಒಂದು, ‘ಮತ್ತು’ ಕಂಡರೆ ನಿಲ್ಲಿ. ‘1857ರ ದಂಗೆಯ ಕಾರಣಗಳು ಮತ್ತು ಪರಿಣಾಮಗಳನ್ನು ವಿವರಿಸಿ’ ಅಂತ ಕೇಳಿದರೆ ರಾಜಕೀಯ ಕಾರಣ, ಆರ್ಥಿಕ ಕಾರಣ, ಧಾರ್ಮಿಕ ಕಾರಣ, ಎನ್‌ಫೀಲ್ಡ್ ಬಂದೂಕಿನ ಕೊಬ್ಬು ಸವರಿದ ತೋಟಾ, ಮಂಗಲ್ ಪಾಂಡೆ, ಅಂತ ಮೂರು ಪುಟ ಬರೆಯುತ್ತಾರೆ. ಪರಿಣಾಮಕ್ಕೆ ಬರುವಾಗ ಸುಸ್ತಾಗಿರುತ್ತದೆ, ‘ಕಂಪನಿ ಆಡಳಿತ ಕೊನೆಯಾಯಿತು’ ಅಂತ ಒಂದು ಸಾಲು. 1858ರ ರಾಣಿಯ ಘೋಷಣೆ ಇಲ್ಲ, ವೈಸರಾಯ್ ಇಲ್ಲ, ಸೈನ್ಯ ಬದಲಾದದ್ದು ಇಲ್ಲ, ದತ್ತು ಮಕ್ಕಳಿಗೆ ಹಕ್ಕಿಲ್ಲ ಅನ್ನುವ ನೀತಿ ಕೈಬಿಟ್ಟದ್ದು ಇಲ್ಲ. ಸ್ಕೀಮಿನಲ್ಲಿ ಅದಕ್ಕೆ ಬೇರೆ ಅಂಕ ಇರುತ್ತದೆ, ಅಷ್ಟೂ ಹೋಯಿತು. ಎರಡು, ಮುಖ್ಯ ಮಾತು ಮೊದಲ ಪ್ಯಾರಾದಲ್ಲೇ ಬರಲಿ. ನಾವು ಒಂದು ದಿನಕ್ಕೆ ಎಷ್ಟೋ ಉತ್ತರಪತ್ರಿಕೆ ನೋಡಬೇಕು, ನಾಲ್ಕನೇ ಪುಟದಲ್ಲಿ ಮುತ್ತು ಬಚ್ಚಿಟ್ಟರೆ ನಮ್ಮ ಕಣ್ಣಿಗೆ ಬೀಳದೇ ಹೋಗಬಹುದು.


ನಾಲೆ ದಂಡೆ:

ಮೂರೂ ಜನಕ್ಕೆ ತುಂಬಾ ಥ್ಯಾಂಕ್ಸ್. ಕೆಂಪು ಇಂಕು ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ, ನನಗೂ ಅದೇ ಭಯ ಇದೆ. ಆದರೆ ನೀವು ಕೊಟ್ಟ 1857ರ ಉದಾಹರಣೆಯನ್ನೇ ನೋಡಿ. ಅಲ್ಲಿ ಅಂಕ ಹೋದದ್ದು ಬಿಟ್ಟಿದ್ದಕ್ಕಲ್ಲ, ಬಿಡದೇ ಇದ್ದದ್ದಕ್ಕೆ! ಕಾರಣಗಳಲ್ಲಿ ಎಲ್ಲವನ್ನೂ ಬರೆಯುತ್ತಾ ಕೂತು, ಪರಿಣಾಮಕ್ಕೆ ಜಾಗವೂ ಹೊತ್ತೂ ಉಳಿಯಲಿಲ್ಲ. ಸ್ಕೀಮ್ ಮಾಡಿದವರೂ ಪ್ರಶ್ನೆಯನ್ನು ಬಿಡಿಸಿ ಓದಿಯೇ ಅಂಕ ಹಂಚಿರುತ್ತಾರೆ ಅಲ್ವಾ? ಮಕ್ಕಳು ಮಾಡಬೇಕಾದದ್ದೂ ಅದೇ ಕೆಲಸ.

ನಮ್ಮ ಕಡೆಯದೇ ಇನ್ನೊಂದು ಹೇಳುತ್ತೇನೆ. ಮದ್ದೂರಿನ ಶಿವಪುರ ಧ್ವಜ ಸತ್ಯಾಗ್ರಹ. ‘ಶಿವಪುರ ಧ್ವಜ ಸತ್ಯಾಗ್ರಹದ ಬಗ್ಗೆ ಟಿಪ್ಪಣಿ ಬರೆಯಿರಿ’ ಅಂದರೆ 1938ರ ಏಪ್ರಿಲ್‌ನಲ್ಲಿ ಏನಾಯಿತು, ನಿಷೇಧಾಜ್ಞೆ ಇದ್ದರೂ ಹೇಗೆ ಧ್ವಜ ಹಾರಿಸಿದರು, ಯಾರನ್ನು ಬಂಧಿಸಿದರು ಅಂತ ಬರೆದರೆ ಸಾಕು. ‘ಮೈಸೂರು ಸಂಸ್ಥಾನದ ಚಳವಳಿಯಲ್ಲಿ ಶಿವಪುರ ಸತ್ಯಾಗ್ರಹದ ಮಹತ್ವವನ್ನು ವಿವರಿಸಿ’ ಅಂದರೆ ಆ ಕಥೆ ಎರಡು ಮೂರು ಸಾಲಿಗೆ ಇಳಿಯಬೇಕು. ಆಮೇಲೆ ಏನಾಯಿತು ಅನ್ನುವುದು ಬೆಳೆಯಬೇಕು: ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗೋಲಿಬಾರ್, ಅದರ ನಂತರ ಸಂಸ್ಥಾನದಲ್ಲಿ ಕಾಂಗ್ರೆಸ್ಸಿಗೆ ಮಾನ್ಯತೆ, ಜವಾಬ್ದಾರಿ ಸರ್ಕಾರ ಬೇಕು ಅನ್ನುವ ಕೂಗು ಹಳ್ಳಿಗಳಿಗೂ ಮುಟ್ಟಿದ್ದು. ಪಾಯಿಂಟ್ ಅವೇ. ಯಾವುದು ಹಿಗ್ಗಬೇಕು, ಯಾವುದು ಕುಗ್ಗಬೇಕು ಅನ್ನುವುದು ಪ್ರಶ್ನೆ ಹೇಳುತ್ತದೆ. ಪಠ್ಯದ ಪಾಯಿಂಟನ್ನು ಬಿಡಿ ಅಂತ ನಾನು ಹೇಳುವುದಿಲ್ಲ, ಯಾವುದಕ್ಕೆ ಎಷ್ಟು ಸಾಲು ಅಂತ ಮೊದಲೇ ಲೆಕ್ಕ ಹಾಕಿ ಅನ್ನುತ್ತೇನೆ. ಇಷ್ಟಕ್ಕೆ ನೀವು ಒಪ್ಪುತ್ತೀರಾ?


ಕೆಂಪು ಇಂಕು:

ಇಷ್ಟಕ್ಕೆ ಪೂರ್ತಿ ಒಪ್ಪುತ್ತೇನೆ ಮೇಡಂ. ‘ಯಾವುದಕ್ಕೆ ಎಷ್ಟು ಸಾಲು’ ಅನ್ನುವುದು ಸರಿ. ಪ್ರಶ್ನೆಪತ್ರಿಕೆ ಓದುವುದಕ್ಕೆ ಅಂತಲೇ ಹದಿನೈದು ನಿಮಿಷ ಕೊಡುತ್ತಾರೆ, ಆ ಹೊತ್ತಿನಲ್ಲಿ ಇದನ್ನು ಮಾಡಿಸಿ. ಬಹಳಷ್ಟು ಹುಡುಗರು ಆ ಹೊತ್ತಿನಲ್ಲಿ ಸುಮ್ನೆ ಅಕ್ಕಪಕ್ಕ ನೋಡುತ್ತಾ ಕೂತಿರುತ್ತಾರೆ.


ಗಂಗೋತ್ರಿ ಹುಡುಗಿ:

ನಾನು ಟೀಚರ್ ಅಲ್ಲ, ಮೈಸೂರಿನಲ್ಲಿ ಎಂಎ ಓದುತ್ತಿದ್ದೇನೆ. ವಿದ್ಯಾರ್ಥಿ ಕಡೆಯಿಂದ ಒಂದು ಮಾತು ಹೇಳಬಹುದಾ? ನಮಗೆ ಚಿಕ್ಕಂದಿನಿಂದ ಯಾರೂ ಬಾಯಿಬಿಟ್ಟು ಹೇಳದಿದ್ದರೂ ತಲೆಯಲ್ಲಿ ಕೂತಿರುವುದು ಏನು ಅಂದರೆ, ಜಾಸ್ತಿ ಪುಟ ಬರೆದರೆ ಜಾಸ್ತಿ ಮಾರ್ಕ್ಸ್. ಪರೀಕ್ಷೆ ಹಾಲ್‌ನಲ್ಲಿ ಪಕ್ಕದವರು ಎದ್ದು ನಿಂತು ಅಡಿಷನಲ್ ಶೀಟ್ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆ ಹೊತ್ತಿನಲ್ಲಿ ಯಾರಿಗೂ ‘ಗಡಿ’ ನೆನಪಾಗುವುದಿಲ್ಲ ಮೇಡಂ. ಆದ್ದರಿಂದ ಇದು ಮೊದಲೇ ಅಭ್ಯಾಸ ಆಗಿ ಕೈಯಲ್ಲಿ ಇರಬೇಕು.

ಹಾಸ್ಟೆಲ್‌ನಲ್ಲಿ ನಾವು ಗೆಳತಿಯರು ಮಾಡುವ ಒಂದು ಕೆಲಸ ನಿಮ್ಮ ತರಗತಿಗೂ ಆಗಬಹುದು. ಒಬ್ಬಳು ಉತ್ತರ ಬರೆದು, ಪ್ರಶ್ನೆಯನ್ನು ಮುಚ್ಚಿಟ್ಟು, ಉತ್ತರ ಮಾತ್ರ ಇನ್ನೊಬ್ಬಳಿಗೆ ಕೊಡುತ್ತಾಳೆ. ಓದಿದವಳು ಪ್ರಶ್ನೆ ಏನಿತ್ತು ಅಂತ ಹೇಳಬೇಕು. ‘ಕೃಷ್ಣರಾಜಸಾಗರದ ಬಗ್ಗೆ ಬರೆಯಿರಿ ಅಂತ ಇತ್ತಾ?’ ಅಂದಳು ಅಂದರೆ ಉತ್ತರ ದಾರಿ ತಪ್ಪಿದೆ ಅಂತ ಬರೆದವಳಿಗೇ ಗೊತ್ತಾಗುತ್ತದೆ. ಯಾರೂ ತಿದ್ದಬೇಕಾಗಿಲ್ಲ, ಯಾರೂ ಬೈಯಬೇಕಾಗಿಲ್ಲ. ತರಗತಿ ದೊಡ್ಡದು ಅಂದಿರಲ್ಲಾ, ಬೆಂಚಿನಲ್ಲಿ ಪಕ್ಕಪಕ್ಕ ಕೂತವರು ಬದಲಾಯಿಸಿಕೊಂಡರೆ ಆಯಿತು. ಒಂದು ಪ್ಯಾರಾ ಬರೆಸಿದರೂ ಸಾಕು, ಪೂರ್ತಿ ಉತ್ತರ ಬೇಡ.


ಕುವೆಂಪುನಗರ ಕೆಎಎಸ್:

ಈ ಎಳೆ ನೋಡಿ ತುಂಬಾ ಖುಷಿಯಾಯಿತು. ನಾನು ಕೆಎಎಸ್, ಐಎಎಸ್ ಎರಡಕ್ಕೂ ಕನ್ನಡದಲ್ಲೇ ತಯಾರಿ ಮಾಡುತ್ತಿರುವವನು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಪ್ರಬಂಧಕ್ಕೇ 250 ಅಂಕದ ಒಂದು ಪತ್ರಿಕೆ ಇದೆ. ಮೂರು ಗಂಟೆ, ಎರಡು ಪ್ರಬಂಧ, ಒಂದೊಂದೂ ಸಾವಿರದಿಂದ ಸಾವಿರದ ಇನ್ನೂರು ಪದ. ಅಲ್ಲಿ ಈಗೀಗ ‘ವಿವರಿಸಿ’, ‘ಚರ್ಚಿಸಿ’ ಏನೂ ಇರುವುದಿಲ್ಲ, ಒಂದು ಹೇಳಿಕೆ ಕೊಟ್ಟು ಬಿಟ್ಟುಬಿಡುತ್ತಾರೆ. ಪಿಯು ಹೊತ್ತಿಗೆ ಈ ಅಭ್ಯಾಸ ಆಗಿದ್ದರೆ ನಮ್ಮಂಥವರಿಗೆ ಎಷ್ಟೋ ವರ್ಷ ಉಳಿಯುತ್ತಿತ್ತು.

ಹೇಳಿಕೆ ಬಂದಾಗ ನಾನು ನನ್ನನ್ನೇ ಕೇಳಿಕೊಳ್ಳುವುದು ಒಂದೇ: ಇದಕ್ಕೆ ‘ಇಲ್ಲ’ ಅನ್ನುವವರು ಯಾರು? ಇಲ್ಲ ಅನ್ನುವವರೇ ಸಿಗದಿದ್ದರೆ ನನಗೆ ಪ್ರಶ್ನೆ ಅರ್ಥ ಆಗಿಲ್ಲ ಅಂತಲೇ ಲೆಕ್ಕ. ಕನ್ನಡದ ಪ್ರಶ್ನೆಗಳಲ್ಲಿ ಆ ಜಗಳ ಒಂದು ಅಕ್ಷರದಲ್ಲಿ ಅಡಗಿರುತ್ತದೆ, ಎಷ್ಟೋ ಜನ ನೋಡುವುದೇ ಇಲ್ಲ. ‘ವಿಶ್ವೇಶ್ವರಯ್ಯನವರ ಸಾಧನೆಗಳನ್ನು ವಿವರಿಸಿ’ ಅಂದರೆ 1913ರ ಮೈಸೂರು ಬ್ಯಾಂಕ್, 1916ರ ಮೈಸೂರು ವಿಶ್ವವಿದ್ಯಾಲಯ, ಭದ್ರಾವತಿ ಕಬ್ಬಿಣದ ಕಾರ್ಖಾನೆ, ಗಂಧದೆಣ್ಣೆ ಕಾರ್ಖಾನೆ ಅಂತ ಬರೆದುಕೊಂಡು ಹೋಗಬಹುದು. ‘ಆಧುನಿಕ ಮೈಸೂರನ್ನು ಕಟ್ಟಿದವರು ವಿಶ್ವೇಶ್ವರಯ್ಯನವರೇ. ಚರ್ಚಿಸಿ’ ಅಂತ ಬಂದರೆ? ಆ ‘ಏ’ ಇದೆಯಲ್ಲಾ, ಅದು ಬೇರೆ ಯಾರೂ ಅಲ್ಲ ಅನ್ನುತ್ತಿದೆ. ಆಗ ಉಳಿದವರನ್ನು ಕರೆಯಲೇಬೇಕು. 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾದಾಗ ದಿವಾನರು ರಂಗಾಚಾರ್ಲು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು, ಆ ಯೋಜನೆಗೆ ಕೈ ಹಾಕಿದವರು ಶೇಷಾದ್ರಿ ಅಯ್ಯರ್. 1926ರ ಮೇಲೆ ಮಿರ್ಜಾ ಇಸ್ಮಾಯಿಲ್. ಇವರೆಲ್ಲರ ಮೇಲೆ ಮಹಾರಾಜರು. ಇನ್ನೂ ಮುಂದೆ ಹೋಗಿ, ಕೆಲಸದಲ್ಲಿ ಹಿಂದುಳಿದವರಿಗೆ ಪಾಲು ಕೊಡಲು ನೇಮಿಸಿದ ಮಿಲ್ಲರ್ ಸಮಿತಿಯ ವಿಷಯದಲ್ಲಿ ಒಪ್ಪಿಗೆ ಇಲ್ಲದೆ 1918ರಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟರು. ಆಧುನಿಕ ಅನ್ನುವುದು ಬರೀ ಕಾರ್ಖಾನೆಯೋ, ಸಮಾನ ಅವಕಾಶವೂ ಸೇರಿಯೋ ಅಂತ ಕೇಳಬಹುದು. ಇಷ್ಟೂ ಆ ಒಂದು ‘ಏ’ಯಿಂದ ತೆರೆದುಕೊಂಡಿತು.

‘ಮಾತ್ರ’, ‘ಎಷ್ಟರ ಮಟ್ಟಿಗೆ’, ‘ಇಂದಿಗೂ’, ‘ಮೊದಲ ಬಾರಿಗೆ’ ಇವೂ ಅದೇ ಜಾತಿ. ಮೇಡಂ, ಒಂದು ಪ್ರಶ್ನೆ ತೆಗೆದುಕೊಂಡು ಒಂದು ಪದ ಮಾತ್ರ ಬದಲಾಯಿಸುತ್ತಾ ಹೋಗಿ, ಪ್ರತಿ ಸಲವೂ ಉತ್ತರದಲ್ಲಿ ಏನು ಬದಲಾಗಬೇಕು ಅಂತ ಕೇಳಿ. ಬಾಯಲ್ಲೇ ನಡೆಯುತ್ತದೆ, ಪೆನ್ನು ಬೇಡ. ಹಾಗೆಯೇ ಮಕ್ಕಳಿಂದಲೇ ಪ್ರಶ್ನೆ ತಯಾರು ಮಾಡಿಸಿ. ಪ್ರಶ್ನೆ ಮಾಡಿದವರಿಗೆ ಪ್ರಶ್ನೆಯ ಒಳಗಿನ ಕೀಲು ಕಾಣುತ್ತದೆ.


ನಾಲೆ ದಂಡೆ:

ಎಲ್ಲವನ್ನೂ ಬರೆದಿಟ್ಟುಕೊಂಡೆ. ಮೊದಲು ಹಿಂದಿನಿಂದ ಓದಿ ಸುತ್ತು ಹಾಕುವುದು, ಅದು ಎಲ್ಲರಿಗೂ ಬಂದ ಮೇಲೆ ಪಕ್ಕದವರಿಗೆ ಕೊಟ್ಟು ಪ್ರಶ್ನೆ ಊಹಿಸುವುದು. ‘ಏ’ ಹುಡುಕುವುದನ್ನು ಎರಡನೇ ಪಿಯುಸಿಯವರಿಗೆ ಇಟ್ಟುಕೊಳ್ಳುತ್ತೇನೆ. ಬಿಟ್ಟಿದ್ದಕ್ಕೆ ಒಂದು ಅಂಕ ಅನ್ನುವುದು ನನಗೆ ತುಂಬಾ ಹಿಡಿಸಿತು ಟೀಚರ್, ಖಂಡಿತ ಮಾಡುತ್ತೇನೆ.

ಮೇಷ್ಟ್ರೇ, ಇನ್ನೊಂದು ಸಂದೇಹ. ನನಗೆ ಇಂಗ್ಲಿಷ್ ಮಾಧ್ಯಮದ ಒಂದು ಸೆಕ್ಷನ್ ಕೂಡ ಇದೆ. ಅವರಿಗೆ ಹಿಂದಿನಿಂದ ಓದುವ ಕ್ರಮ ನಡೆಯುತ್ತದಾ?


ಸರಸ್ವತಿಪುರಂ ಮೇಷ್ಟ್ರು:

ಅದೇ ರೀತಿ ನಡೆಯುವುದಿಲ್ಲ ಮೇಡಂ. ಇಂಗ್ಲಿಷ್ ಪ್ರಶ್ನೆಯಲ್ಲಿ ‘ಎಕ್ಸಾಮಿನ್’, ‘ಡಿಸ್ಕಸ್’ ಅಂತ ಕೆಲಸ ಹೇಳುವ ಪದ ಮೊದಲೇ ಬರುತ್ತದೆ. ಆ ಮಕ್ಕಳು ಅದನ್ನು ನೋಡಿಕೊಳ್ಳುತ್ತಾರೆ. ಅವರಲ್ಲಿ ತಪ್ಪಿ ಹೋಗುವುದು ಬಾಲದಲ್ಲಿರುವ ಗಡಿ. ಮೈಸೂರು ಸಂಸ್ಥಾನದ ಆಡಳಿತ ಸುಧಾರಣೆ ಕೇಳಿ, ಕೊನೆಗೆ ‘ಬಿಟ್ವೀನ್ 1881 ಆಂಡ್ 1947’ ಅಂತ ಇರುತ್ತದೆ, ಅವರು ಹೈದರಾಲಿಯಿಂದ ಶುರು ಮಾಡುತ್ತಾರೆ. ಅವರಿಗೂ ಕೊನೆಯಿಂದಲೇ ಓದಿಸಿ, ಆದರೆ ಕೆಲಸದ ಪದಕ್ಕಾಗಿ ಅಲ್ಲ, ಇಸವಿ ಮತ್ತು ಊರಿಗಾಗಿ. ‘ಅನ್ನು’ ಅವರಿಗೆ ಸಿಗುವುದಿಲ್ಲ, ಅದರ ಬದಲು ಕೆಲಸದ ಪದದ ಪಕ್ಕದಲ್ಲಿ ‘ಕಾಸಸ್’, ‘ಎಫೆಕ್ಟ್ಸ್’, ‘ರೋಲ್’ ಅಂತ ಏನಿದೆಯೋ ಅದಕ್ಕೆ ಸುತ್ತು ಹಾಕಲಿ.

ಪಿಯು ಪ್ರಶ್ನೆಪತ್ರಿಕೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಅಚ್ಚಾಗಿರುತ್ತದೆ. ಎರಡೂ ಸೆಕ್ಷನ್‌ನವರಿಗೂ ಎರಡನ್ನೂ ಓದುವುದು ರೂಢಿ ಮಾಡಿಸಿ. ಒಂದರಲ್ಲಿ ಕಣ್ಣು ತಪ್ಪಿಸಿಕೊಂಡ ಗಡಿ ಇನ್ನೊಂದರಲ್ಲಿ ಬೇರೆ ಜಾಗದಲ್ಲಿ ಕೂತಿರುತ್ತದೆ, ಅಲ್ಲಿ ಸಿಗುತ್ತದೆ. ಹಳೇ ಪ್ರಶ್ನೆಪತ್ರಿಕೆಗಳು ನನ್ನ ಹತ್ತಿರ ಒಂದು ಕಟ್ಟು ಇವೆ, ದೊಡ್ಡ ಪ್ರಶ್ನೆಗಳನ್ನು ಮಾತ್ರ ಬೇರೆ ಮಾಡಿ ಈ ವಾರದಲ್ಲಿ ಇಲ್ಲೇ ಟೈಪ್ ಮಾಡಿ ಹಾಕುತ್ತೇನೆ.